ವಿರುಪಾಕ್ಷ ಸಹಿ ಹಾಕಿದ ಕಾಗದ

ಕ್ವೇಕರ್ಸ್ ಹಿಲ್, ಸಿಡ್ನಿ
೧೧ ಮೇ ೨೦೨೫, ಭಾನುವಾರ

ಚಿ. ಸೌ. ಅಪರ್ಣಳಿಗೆ,

ಅಪ್ಪನ ಆಶೀರ್ವಾದಗಳು. ನೀನು, ಸಂಕೇತ, ಆದ್ಯಾ ಮೂವರೂ ಮೆಲ್ಬರ್ನಿನ ಚಳಿಗೆ ಮೂಗು ಸುರಿಸದೆ ಆರೋಗ್ಯವಾಗಿದ್ದೀರೆಂದು ಅಂದುಕೊಂಡಿದ್ದೇನೆ. ಇಲ್ಲಿ ನಾನೂ ನಿನ್ನ ಅಮ್ಮನೂ ನಮ್ಮ ವಯಸ್ಸಿಗೆ ಎಷ್ಟು ಸರಿಯೋ ಅಷ್ಟು ಸರಿಯಾಗಿದ್ದೇವೆ. ಮೊದಲು ಬೈಸಿಕೊಳ್ಳಬೇಕಾದದ್ದನ್ನು ಬೈಸಿಕೊಂಡುಬಿಡುತ್ತೇನೆ. ನೀನು ಆ ಹಳೆಯ ಶಿಫಾರಸು ಪತ್ರದ ಪ್ರತಿ ಕೇಳಿ ಮೂರು ವಾರವಾಯಿತು. ಫೋನಿನಲ್ಲಿ ಒಂದು ಸಲ, ವಾಟ್ಸಾಪಿನಲ್ಲಿ ಎರಡು ಸಲ. ಪ್ರತಿ ಸಲವೂ 'ನೋಡ್ತೀನಿ ಪುಟ್ಟಿ' ಎಂದು ತಳ್ಳುತ್ತ ಬಂದೆ. ರಿಟೈರಾದ ಮನುಷ್ಯನಿಗೆ ಅಂಥ ಘನಕಾರ್ಯವೇನಿರುತ್ತದೆ ಎಂದು ನೀನು ಕೇಳಬಹುದಿತ್ತು. ಕೇಳದೇ ಇದ್ದದ್ದು ನಿನ್ನ ದೊಡ್ಡತನ.

ಕೈಬರಹದ ಕನ್ನಡ ಕಾಗದ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನಾನು ಇಂಗ್ಲಿಷಿನಲ್ಲಿ ಬರೆಯಲು ಕೂತರೆ ನಲವತ್ತು ವರ್ಷದ ಅಭ್ಯಾಸಬಲದಿಂದ ಅದು ಸ್ಪೆಷಲಿಸ್ಟಿಗೆ ಬರೆದ ರೆಫರಲ್ ಆಗಿಬಿಡುತ್ತದೆ. ಫೋನಿನಲ್ಲಿ ಮಾತಾಡಿದರೆ ನಿನ್ನ ಅಮ್ಮ ಪಕ್ಕದಲ್ಲಿ ನಿಂತು ನನ್ನ ಪ್ರತಿ ವಾಕ್ಯವನ್ನೂ ತಿದ್ದುತ್ತಾಳೆ. ನೀನು ಮೈಸೂರಿನಲ್ಲಿ ಆರನೇ ಕ್ಲಾಸಿನವರೆಗೆ ಓದಿದವಳು, ನಿಧಾನವಾಗಿಯಾದರೂ ಓದುತ್ತೀಯ. ಡಾಕ್ಟರ ಕೈಬರಹವೆಂದು ದೂರಬೇಡ, ನಿನ್ನದೂ ಇಷ್ಟೇ.

ಇವತ್ತು ಮದರ್ಸ್ ಡೇ. ನೀನು ಕಳಿಸಿದ ಹೂವು ಬೆಳಿಗ್ಗೆಯೇ ಬಂತು. ನಿನ್ನ ಅಮ್ಮ ಅದನ್ನು ಮನೆಯ ಮೂರು ಮೂಲೆಯಲ್ಲಿಟ್ಟು ನೋಡಿ, 'ಇದಕ್ಕೆ ವಾಸನೇನೇ ಇಲ್ವಲ್ರೀ' ಎಂದು ಮೂಗು ಮುರಿದು, ಆಮೇಲೆ ಫೋಟೋ ತೆಗೆದು ಊರಿಗೆಲ್ಲ ಕಳಿಸಿದ್ದಾಳೆ. ಅವಳ ಮಂಡಿನೋವು ಹಾಗೇ ಇದೆ. ನಾರ್ವೆಸ್ಟಿನ ಕೆರೆಯ ಸುತ್ತ ಒಂದು ರೌಂಡು ಹಾಕುವಷ್ಟರಲ್ಲಿ ನಾಲ್ಕು ಕಡೆ ಕೂರುತ್ತಾಳೆ, ಕೂತ ಕಡೆಯೆಲ್ಲ ಒಬ್ಬರು ಹೊಸ ಫ್ರೆಂಡು ಸಿಗುತ್ತಾರೆ. ನನಗೆ ಹಾಗೆ ಯಾರೂ ಸಿಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಏಪ್ರಿಲಿನಲ್ಲಿ ನೀನು ಫೋನ್ ಮಾಡಿ, 'ಅಪ್ಪ, ಜಪಾನಿಗೆ ಮತ್ತೆ ಅಪ್ಲೈ ಮಾಡ್ತಿದೀನಿ. ಪಬ್ಲಿಕ್ ಹೆಲ್ತ್, ಅದೇ ಯೂನಿವರ್ಸಿಟಿ, ಒಂದು ವರ್ಷದ ಕೋರ್ಸು. ಸಂಕೇತ ಆದ್ಯಾನ ನೋಡ್ಕೋತೀನಿ ಅಂದಿದಾನೆ. ಮೂವತ್ತೆಂಟಕ್ಕೆ ಇವಳಿಗೇನು ಹುಚ್ಚು ಅನ್ಕೋಬೇಡ' ಎಂದೆ. ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ. 'ಅಪ್ಪ, ಲೈನಲ್ಲಿದೀಯಾ?' ಎಂದೆ. 'ಇದೀನಿ, ಒಳ್ಳೇದಾಯ್ತು' ಎಂದು ಫೋನನ್ನು ನಿನ್ನ ಅಮ್ಮನ ಕೈಗೆ ಕೊಟ್ಟುಬಿಟ್ಟೆ. ನಿನಗೆ ಬೇಜಾರಾಗಿರಬೇಕು.

ಆಗ ನನಗೆ ನೆನಪಾದದ್ದು ೨೦೧೪ರ ನಮ್ಮ ಊಟದ ಮೇಜು. ನೀನು ಮೆಲ್ಬರ್ನಿನಲ್ಲಿ ನನ್ನ ಕಾಲೇಜು ಸ್ನೇಹಿತ ವಿರುಪಾಕ್ಷನ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮುಗಿಸಿ ಮನೆಗೆ ಬಂದಿದ್ದೆ. ಅವತ್ತು ನನ್ನ ಸ್ನೇಹಿತರಿಬ್ಬರು ಊಟಕ್ಕಿದ್ದರು. ನೀನು ಜಪಾನಿನ ಬೆಟ್ಟದ ಸೀಮೆಯ ವಿಷಯ ಹೇಳುತ್ತಿದ್ದೆ. ಅಲ್ಲಿ ಒಂದು ಕಾಲಕ್ಕೆ ಸ್ಟ್ರೋಕಿನಿಂದ ಸಾಯುವವರು ಬಹಳವಂತೆ. ಊರಿನ ಹೆಂಗಸರೇ ಸರದಿಯ ಮೇಲೆ ತರಬೇತಿ ಪಡೆದು, ಮನೆಮನೆಗೆ ಹೋಗಿ ಸೂಪಿನಲ್ಲಿ ಉಪ್ಪೆಷ್ಟಿದೆ ಎಂದು ಅಳೆದು, ವರ್ಷಗಟ್ಟಲೆ ಪಟ್ಟು ಹಿಡಿದು ಕಡಿಮೆ ಮಾಡಿಸಿದರಂತೆ. ಅದನ್ನು ಕಲಿತು ಬಂದು ಇಲ್ಲಿನ ನಮ್ಮ ಮನೆಗಳಲ್ಲಿ, ಉಪ್ಪಿನಕಾಯಿ ಹಪ್ಪಳ ಬಿಡದ ನಮ್ಮ ಹಿರಿಯರ ನಡುವೆ ಮಾಡಬೇಕು ಎನ್ನುವಾಗ ನಿನ್ನ ಕಣ್ಣು ಹೊಳೆಯುತ್ತಿತ್ತು. ನಾನು ಎಲ್ಲರೆದುರಿಗೆ, 'ಡಾಕ್ಟ್ರಾಗಿ ಪಕ್ಕದ್ಮನೆ ಸಾರಿನ ಉಪ್ಪು ನೋಡೋಕೆ ಜಪಾನಿಗೆ ಹೋಗ್ಬೇಕಾ? ನಿಮ್ಮಮ್ಮನ ಸಾರು ನೋಡು, ಡಿಗ್ರಿ ನಾನೇ ಕೊಡ್ತೀನಿ' ಎಂದೆ. ಎಲ್ಲರೂ ನಕ್ಕರು. ನೀನೂ ನಕ್ಕು, ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ. ಒಳಗಿಂದ ಬೇಗ ಬರಲಿಲ್ಲ.

ಅದು ತಮಾಷೆ ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ನಮ್ಮ ಕಾಲದಲ್ಲಿ ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ನಿನ್ನ ಈ ಪಬ್ಲಿಕ್ ಹೆಲ್ತಿಗೆ ಪಿಎಸ್ಎಂ ಎಂದು ಹೆಸರು. ಯಾರಿಗೂ ಬೇಡದ ವಿಷಯ. ಸರ್ಜರಿ ಸಿಗದವನು, ಮೆಡಿಸಿನ್ ಸಿಗದವನು ಕೊನೆಗೆ ಹೋಗಿ ಬೀಳುವ ಜಾಗ ಅದು ಎಂದು ನಾವೆಲ್ಲ ನಂಬಿದ್ದೆವು. ಪಾಠ ಮಾಡುತ್ತಿದ್ದವರು ವೇದಾವತಿ ಮೇಡಂ. ನಮ್ಮನ್ನು ವ್ಯಾನಿನಲ್ಲಿ ತುಂಬಿಕೊಂಡು ಹೋಗಿ ಹಳ್ಳಿಯ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುತ್ತಿದ್ದರು, ಯಾವ ಮನೆಯಲ್ಲಿ ಕಕ್ಕಸಿದೆ ಎಂದು ಬರೆಸುತ್ತಿದ್ದರು. 'ಕಕ್ಕಸು ಮೇಡಂ' ಎಂದು ಅವರಿಗೆ ಹೆಸರಿಟ್ಟವನು ನಾನೇ. ಆ ಹೆಸರು ನಮ್ಮ ನಂತರದ ಬ್ಯಾಚುಗಳಿಗೂ ಹರಡಿ, ಅವರು ರಿಟೈರಾಗುವವರೆಗೂ ಉಳಿಯಿತಂತೆ. ಇಂಥ ಅಪ್ಪನ ಹೊಟ್ಟೆಯಲ್ಲಿ ಹುಟ್ಟಿ ನೀನು ಅದನ್ನೇ ಓದಬೇಕೆಂದದ್ದು ನೋಡು.

ಜಪಾನಿನ ಪದ್ಧತಿಯನ್ನು ನನಗೆ ವಿವರಿಸಿದವಳು ನೀನೇ. ಅಲ್ಲಿ ಅರ್ಜಿ ಹಾಕುವ ಮೊದಲೇ ಒಬ್ಬ ಪ್ರೊಫೆಸರನ್ನು ಹುಡುಕಿ, ಪತ್ರ ಬರೆದು, ಅವರು 'ಬಾ, ನಿನ್ನನ್ನು ತೆಗೆದುಕೊಳ್ಳುತ್ತೇನೆ' ಎಂದು ಒಪ್ಪಬೇಕು. ಹಯಾಕಾವ ಮೇಡಂ ಅವರಿಗೆ ನೀನು ಏಳು ತಿಂಗಳು ಬರೆದೆ. ಅವರು ಒಪ್ಪಿದರು. ಬಾಕಿ ಇದ್ದದ್ದು ಶಿಫಾರಸು ಪತ್ರವೊಂದೇ. ಅದೂ ಹೋಯಿತು. ಆರು ವಾರದ ಮೇಲೆ ಅವರಿಂದ ಎರಡು ಸಾಲಿನ ಮೇಲ್ ಬಂತು: ಈ ವರ್ಷ ಸ್ವಲ್ಪ ಕಷ್ಟವಾಗಬಹುದು. ಅಲ್ಲಿನವರು ಆಗುವುದಿಲ್ಲ ಎಂಬುದನ್ನು ಹೀಗೆ ಹೇಳುತ್ತಾರೆಂದು ನಿನಗೆ ಯಾರೋ ತಿಳಿಸಿದರು. ಕಾರಣ ಕೇಳಿದರೆ ಮರ್ಯಾದೆಯಲ್ಲವೆಂದು ನೀನು ಕೇಳಲೂ ಇಲ್ಲ. ಆಮೇಲೆ ಫ್ಯಾಮಿಲಿ ಡಾಕ್ಟರಾದೆ, ಕ್ರಾನ್‌ಬರ್ನಿನಲ್ಲಿ ನೆಲೆಸಿದೆ, ಜಪಾನಿನ ಹೆಸರೆತ್ತಲಿಲ್ಲ.

ಈಗ ರಿಟೈರಾಗಿರುವ ಹಯಾಕಾವ ಮೇಡಂ ನಿನ್ನನ್ನು ಮರೆತಿಲ್ಲವೆಂದೂ, ಹೊಸ ಪ್ರೊಫೆಸರಿಗೆ ಪರಿಚಯ ಮಾಡಿಕೊಡುತ್ತೇನೆಂದೂ ಬರೆದಿದ್ದಾರೆ ಎಂದೆ. ಜೊತೆಗೆ, 'ನಿಮ್ಮ ತಂದೆತಾಯಿ ಕ್ಷೇಮವೆ? ಈಗ ಅವರಿಗೆ ಒಪ್ಪಿಗೆಯೆ?' ಎಂದು ಕೇಳಿದ್ದಾರಂತೆ. 'ಅದ್ಯಾಕಪ್ಪ ಮನೆಯವರನ್ನ ವಿಚಾರಿಸ್ತಾರೆ? ಪಾಪ, ಹಳೇ ಕಾಲದವರು' ಎಂದು ನೀನು ನಕ್ಕೆ. ನಾನೂ ನಿನ್ನ ಜೊತೆ ನಕ್ಕೆ.

ನೀನು ಕೇಳಿದ ಪ್ರತಿ ಈ ಕಾಗದದ ಜೊತೆಗಿದೆ, ಹಳೆಯ ಕಂಪ್ಯೂಟರಿನಲ್ಲಿ ಸಿಕ್ಕಿತು. ನಿನ್ನ ವಿರುಪಾಕ್ಷ ಅಂಕಲ್ 'ಅಪ್ಪನ ಹತ್ರ ಹಳೇದಿದ್ರೆ ತಾ, ಡೇಟ್ ಬದಲಾಯಿಸಿ ಸೈನ್ ಹಾಕಿಕೊಡ್ತೀನಿ' ಎಂದದ್ದು ನನಗೇನೂ ಆಶ್ಚರ್ಯವಲ್ಲ. ನಮ್ಮ ಡಾಕ್ಟರರಲ್ಲಿ ಇದೊಂದು ಹಳೆಯ ಚಾಳಿ. ಶಿಫಾರಸು ಕೇಳಿದರೆ ದೊಡ್ಡವರು 'ನೀವೇ ಬರ್ಕೊಂಡ್ ಬನ್ನಿ, ಸೈನ್ ಹಾಕ್ತೀನಿ' ಅನ್ನುತ್ತಾರೆ. ಕಾಲೇಜಿನ ದಿನದಿಂದಲೂ ಅವನು ಹೀಗೇ, ನನ್ನ ಜರ್ನಲ್ ನೋಡಿಯೇ ಬರೆದು ಪಾಸಾದವನು. ೨೦೧೪ರಲ್ಲಿ ಅವನು ಕಾನ್ಫರೆನ್ಸಿಗೆಂದು ಸಿಡ್ನಿಗೆ ಬಂದಾಗಲೂ ನನಗೆ ಅದನ್ನೇ ಹೇಳಿದ. ನಾನೇ ಬರೆದೆ, ಅವನು ಸಹಿ ಹಾಕಿ, ಕವರು ಅಂಟಿಸಿ, ಅದರ ಮೇಲೂ ಸಹಿ ಹಾಕಿ ಕೊಟ್ಟ. ಇದನ್ನು ಆಗ ನಿನಗೆ ಹೇಳಲಿಲ್ಲ. ಹೇಳಿದ್ದರೆ 'ಇದು ನನ್ನ ಅಪ್ಪ ಬರೆದದ್ದು' ಎಂದು ಜಪಾನಿನವರಿಗೂ ತಿಳಿಸಿಬಿಡುವಷ್ಟು ಸತ್ಯವಂತೆ ನೀನು. ಒಂದು ಸಲ ಓದು. 'ಇಪ್ಪತ್ತೈದು ವರ್ಷಗಳಲ್ಲಿ ನಾನು ಕಂಡ ಯುವ ವೈದ್ಯರಲ್ಲಿ ಇಷ್ಟು ನಿಷ್ಠೆ, ಇಷ್ಟು ಸ್ವಂತ ಬುದ್ಧಿ ಇರುವವರು ಅಪರೂಪ' ಎಂದಿದೆ. ಅದು ನಿಜ.

ಜೂನ್ ೨೦ರೊಳಗೆ ಎಲ್ಲ ಜಪಾನಿಗೆ ತಲುಪಬೇಕು ಎಂದಿದ್ದೆಯಲ್ಲ, ತಡಮಾಡಬೇಡ. ಆದ್ಯಾಳಿಗೆ ಮುದ್ದು, ಸಂಕೇತನಿಗೆ ಆಶೀರ್ವಾದ. ನೀನು ಹಿಡಿದ ಕೆಲಸ ಈ ಸಲ ಕೈಗೂಡಲಿ.

ನಿನ್ನ ಅಪ್ಪ,
ತಿರುಮಲೇಶ್

ತಾ.ಕ.: ಹಯಾಕಾವ ಮೇಡಂಗೆ ಮನೆಯವರೆಲ್ಲರ ಒಪ್ಪಿಗೆ ಇದೆಯೆಂದು ಒಂದು ಸಾಲು ಬರೆದುಬಿಡು. ಹೆಚ್ಚಿಗೆ ಏನೂ ವಿವರಿಸಬೇಡ.


ಕ್ವೇಕರ್ಸ್ ಹಿಲ್, ಸಿಡ್ನಿ
೧೧ ಜೂನ್ ೨೦೨೫, ಬುಧವಾರ

ಪ್ರೀತಿಯ ಅಪರ್ಣ,

ಆಶೀರ್ವಾದಗಳು. ಸೋಮವಾರ ನಿನ್ನ ಮನೆಯಿಂದ ಹೊರಟವನು ತಲುಪಿದೆ ಎಂದು ಒಂದು ಫೋನ್ ಕೂಡ ಮಾಡಲಿಲ್ಲ. ಎರಡು ದಿನ ತಡವಾಗಿ, ಅದೂ ಕಾಗದದಲ್ಲಿ, ಕ್ಷಮೆ ಕೇಳುತ್ತಿದ್ದೇನೆ. ಫ್ಲೈಟು ಸರಿಯಾದ ಸಮಯಕ್ಕೇ ಬಂತು. ನೀನು ಕಟ್ಟಿಕೊಟ್ಟ ಚಪಾತಿಯನ್ನು ಮನೆಗೆ ಬಂದು ಇಬ್ಬರೂ ತಿಂದೆವು. ಇದನ್ನು ಎಕ್ಸ್‌ಪ್ರೆಸ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ನಾಳೆಯೋ ನಾಡಿದ್ದೋ ನಿನಗೆ ಸಿಗಬೇಕು.

ಲಾಂಗ್ ವೀಕೆಂಡೆಂದು ಮೊಮ್ಮಗಳನ್ನು ನೋಡಲು ಬಂದೆ ಎಂದೆನಲ್ಲ, ಅದು ಅರ್ಧ ನಿಜ. ಹಿಂದಿನ ವಾರ ನೀನು ನಿನ್ನ ಅಮ್ಮನ ಜೊತೆ ಒಂದು ಗಂಟೆ ಮಾತಾಡಿದೆಯಂತೆ. ಫೋನಿಟ್ಟು ಬಂದವಳು ನನ್ನೆದುರು ಕೂತು, 'ರೀ, ಅವಳು ಅಪ್ಲೈ ಮಾಡಲ್ವಂತೆ' ಎಂದಳು. ನಾನು ಕಳಿಸಿದ ಪ್ರತಿಯನ್ನು ನೀನು ನಾಲ್ಕು ಸಲ ಓದಿದೆಯಂತೆ. 'ಅಪ್ಪಂಗೆ ನಾನು ಹೋಗೋದು ಇಷ್ಟ ಇರ್ಲಿಲ್ಲ ಅನ್ಕೊಂಡಿದ್ದೆ ಅಮ್ಮ. ಅವನು ನನ್ ಬಗ್ಗೆ ಇಷ್ಟೆಲ್ಲ ಬರ್ದಿದ್ದ ಅಂತ ಗೊತ್ತೇ ಇರ್ಲಿಲ್ಲ' ಎಂದು ಅತ್ತೆಯಂತೆ. ಆಮೇಲೆ, 'ಇಷ್ಟು ಒಳ್ಳೇ ಲೆಟರ್ ಓದಿದ ಮೇಲೂ ಬೇಡ ಅಂದ್ರಲ್ಲ, ಹಾಗಾದ್ರೆ ನನ್ನಲ್ಲೇ ಏನೋ ಇಲ್ಲ. ಮತ್ಯಾಕೆ ಹೋಗಿ ಮುಖ ಒಡೆಸ್ಕೋಬೇಕು?' ಎಂದೆಯಂತೆ. ನಿನ್ನ ಅಮ್ಮ ಇದನ್ನು ಹೇಳುತ್ತ ಕಣ್ಣೊರೆಸಿಕೊಂಡು, 'ನೀವು ಆಗ ಅಷ್ಟು ಚೆನ್ನಾಗಿ ಬರ್ದಿದ್ರಾ? ನನಗೂ ಹೇಳ್ಲಿಲ್ಲ' ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಮಾರನೆಯ ದಿನವೇ ಟಿಕೆಟ್ ಬುಕ್ ಮಾಡಿದೆ.

ಬಂದು ಮೂರು ದಿನ ಇದ್ದು ಮಾಡಿದ್ದೇನು? ಊಟ, ಟೀವಿ, ಆದ್ಯಾಳ ಜೊತೆ ಕೇರಂ. ಅವಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ, ಕೇರಂನಲ್ಲಿ ಕಳ್ಳಾಟವನ್ನು ಮಾತ್ರ ಅಪ್ಪಟ ನಮ್ಮ ಕಡೆಯವರ ಹಾಗೆ ಆಡುತ್ತಾಳೆ. ಶನಿವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ನೀನು ಜಪಾನೀ ಭಾಷೆಯ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ಯಾರಿಗೆ ಎಂದು ಕೇಳಿದೆ. 'ಹಳೇ ಸಾಮಾನು ಮಾರೋ ಆಪ್ ಶಾಪಿಗೆ ದಾನ ಕೊಡ್ತೀನಿ, ಜಾಗ ತಿಂತಿವೆ' ಎಂದೆ. ಮಾರ್ಜಿನಿನಲ್ಲೆಲ್ಲ ನಿನ್ನ ಪೆನ್ಸಿಲಿನ ಬರಹವಿತ್ತು. ಆದ್ಯಾ ಅದರಲ್ಲೊಂದನ್ನು ಎತ್ತಿಕೊಂಡು ನನಗೆ ತೋರಿಸಿ, 'ತಾತಾ, ಮಮ್ ವಾಸ್ ನಾಟ್ ಗುಡ್ ಎನಫ್ ಫಾರ್ ಜಪಾನ್. ಶೀ ಟೋಲ್ಡ್ ಮೀ' ಎಂದಳು. ಮಳೆ ಬಂತು ಎಂದಷ್ಟೇ ಸಹಜವಾಗಿ ಹೇಳಿದಳು ಮಗು. ನೀನು 'ಹೌದು ಕಣೇ' ಎಂದು ಟೇಪು ಎಳೆದು ಪೆಟ್ಟಿಗೆ ಮುಚ್ಚಿದೆ. ನಾನು ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೆ? ಟೇಪಿನ ತುದಿ ಹುಡುಕಿಕೊಟ್ಟೆ, ಅಷ್ಟೆ.

ಭಾನುವಾರ ನಿಮ್ಮ ಪಕ್ಕದ ಮನೆಯ ಸಂಧ್ಯಾರಾಣಿ ಊಟಕ್ಕೆ ಕರೆದಿದ್ದರಲ್ಲ, ಅಲ್ಲಿ ನೀನು ಅಡುಗೆಮನೆಯಲ್ಲಿದ್ದಾಗ ಆಕೆ ನನ್ನ ಹತ್ತಿರ ಬಂದು ಕೂತರು. 'ಅಂಕಲ್, ನಿಮ್ ಮಗಳಿಂದ ನಮ್ ಅತ್ತೆ ಬಿಪಿ ಕಂಟ್ರೋಲಿಗೆ ಬಂದಿದೆ. ಈ ಸ್ಟ್ರೀಟಲ್ಲಿ ಹನ್ನೊಂದು ಮನೆ ನಮ್ಮವ್ರು. ಎಲ್ಲರ ಮನೇಲೂ ಉಪ್ಪಿನ ಪ್ಯಾಕೆಟ್ ಮೇಲೆ ತೆರೆದ ಡೇಟ್ ಬರೆಸಿದಾಳೆ. ಎಷ್ಟು ದಿನಕ್ಕೆ ಖಾಲಿ ಆಯ್ತು ಅಂತ ತಿಂಗಳಿಗೊಂದ್ಸಲ ಬಂದು ಕೇಳ್ತಾಳೆ. ಮೊದಮೊದಲು ನಾವೆಲ್ಲ ನಗಾಡ್ತಿದ್ವಿ' ಎಂದರು. ಇದನ್ನು ನೀನು ನಮಗೆ ಯಾವತ್ತೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ನನಗೆ ಅಲ್ಲೇ ಅರ್ಥವಾಯಿತು. ಹೇಳಿದ್ದರೆ ನಾನು ಇನ್ನೊಂದು ಜೋಕು ಮಾಡುತ್ತಿದ್ದೆ. ನಲವತ್ತು ವರ್ಷ ನಾನು ಬಿಪಿಗೆ ಮಾತ್ರೆ ಬರೆದಿದ್ದೇನೆ, ಒಂದು ಮನೆಯ ಉಪ್ಪಿನ ಪ್ಯಾಕೆಟ್ಟಿನ ಕಡೆಗೂ ಕಣ್ಣು ಹಾಯಿಸಿದವನಲ್ಲ. ಅವತ್ತು ಸಂಧ್ಯಾರಾಣಿಯವರ ಮನೆಯ ಸಾರು ಸಪ್ಪೆಯಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ಅದೇ ಸಂಜೆ ವಿರುಪಾಕ್ಷನನ್ನು ನೋಡಲು ಗ್ಲೆನ್ ವೇವರ್ಲಿಗೆ ಹೋದೆ. ಡ್ರಾಪ್ ಮಾಡಿದ ಸಂಕೇತ ದಾರಿಯುದ್ದಕ್ಕೂ ಒಂದೇ ಮಾತು. 'ಮಾವ, ನೀವಾದ್ರೂ ಹೇಳಿ. ನನ್ ಮಾತು ಕೇಳ್ತಿಲ್ಲ. ಹತ್ತು ವರ್ಷದಿಂದ ನೋಡ್ತಿದೀನಿ, ಏನಾದ್ರೂ ದೊಡ್ಡದಕ್ಕೆ ಕೈ ಹಾಕೋ ಮುಂಚೆ, ನಾನು ಅಷ್ಟಿಲ್ಲ ಬಿಡು ಅಂತಾಳೆ. ಯಾರು ಹೇಳಿದ್ದು ಅವಳಿಗೆ?' ಎಂದ. ಒಳ್ಳೆಯ ಹುಡುಗ. ನಾನು ಕಿಟಕಿಯ ಆಚೆ ನೋಡುತ್ತ ಕೂತಿದ್ದೆ.

ವಿರುಪಾಕ್ಷನ ಮನೆಯಲ್ಲಿ ನಡೆದದ್ದನ್ನು ಕೊನೆಯಲ್ಲಿ ಬರೆಯುತ್ತೇನೆ. ಅದಕ್ಕೆ ಮೊದಲು ಹೇಳಬೇಕಾದದ್ದು ಇಷ್ಟು. ಅರ್ಜಿಯನ್ನು ನಿಲ್ಲಿಸಬೇಡ. ಜೂನ್ ೨೦ಕ್ಕೆ ಇನ್ನೂ ಒಂಬತ್ತು ದಿನವಿದೆ. ವಿರುಪಾಕ್ಷ ಈ ಸಲ ತಾನೇ ಕೂತು, ತನ್ನ ಕೈಯಿಂದಲೇ, ನಿನ್ನ ಬಗ್ಗೆ ತನಗೆ ಗೊತ್ತಿರುವುದನ್ನು ಬರೆದಿದ್ದಾನೆ. ಶುಕ್ರವಾರ ನಿನ್ನ ಕ್ಲಿನಿಕ್ಕಿಗೆ ತಂದುಕೊಡುತ್ತಾನೆ. ಎಪ್ಪತ್ತನೇ ವಯಸ್ಸಿನಲ್ಲಿ ಮೊದಲ ಸಲ ಶಿಫಾರಸು ಪತ್ರ ಬರೆದ ಮನುಷ್ಯ, ಸ್ಪೆಲ್ಲಿಂಗ್ ತಪ್ಪಿದ್ದರೆ ಕ್ಷಮಿಸು. ನಾನು ಕಳಿಸಿದ ಪ್ರತಿಯನ್ನು ಮಾತ್ರ ಎಲ್ಲಿಗೂ ಕಳಿಸಬೇಡ.

ನೀನು ಮೂರು ದಿನದಲ್ಲಿ ಎರಡು ಸಲ ನನ್ನ ಮುಖ ನೋಡಿ, 'ಅಪ್ಪ, ಏನೋ ಹೇಳ್ಬೇಕು ಅಂತಿದೀಯಾ?' ಎಂದು ಕೇಳಿದೆ. ಎರಡು ಸಲವೂ ನಾನು ಕಾಫಿ ಬೇಕು ಎಂದೆ. ರೋಗಿಗಳಿಗೆ ಎಂತೆಂಥ ಸುದ್ದಿಯನ್ನೋ ಎದುರಿಗೇ ಕೂತು ಹೇಳಿದವನು ನಾನು. ಮಗಳೆದುರು ಆಗಲಿಲ್ಲ. ನಿನ್ನ ಕೆಲಸಕ್ಕೆ ಜಯವಾಗಲಿ, ನಿನ್ನ ಮನೆ ನಗುತ್ತಿರಲಿ. ಇಷ್ಟು ಹಾರೈಸುವ ಯೋಗ್ಯತೆ ನನಗಿದೆಯೋ ಇಲ್ಲವೋ, ಹಾರೈಕೆಯಂತೂ ನಿಜ.

ಅಪ್ಪ

ತಾ.ಕ.: ಈ ಕವರಿನಲ್ಲಿ ಇನ್ನೊಂದು ಹಾಳೆ ಇದೆ. ೨೦೧೪ರ ಅಕ್ಟೋಬರಿನಲ್ಲಿ ವಿರುಪಾಕ್ಷ ಸಹಿ ಹಾಕಿದ, ಜಪಾನಿಗೆ ನಿಜವಾಗಿ ಹೋದ ಕಾಗದದ ಪ್ರತಿ ಇದು. ಮೇ ತಿಂಗಳಲ್ಲಿ ನಿನಗೆ ಕಳಿಸಿದ್ದು ಹಳೆಯದಲ್ಲ. ನೀನು ಕೇಳಿದ ಮೇಲೆ ಮೂರು ವಾರ ಕೂತು ಹೊಸದಾಗಿ ಬರೆದು, ಹಳೆಯ ತಾರೀಕು ಹಾಕಿದೆ. ಹನ್ನೊಂದು ವರ್ಷದ ಹಿಂದೆ ಬರೆಯಬೇಕಿದ್ದದ್ದನ್ನು ಈಗ ಬರೆದರೆ ಸರಿಹೋಗುತ್ತದೆ, ನೀನು ಹೋಗಿಬಿಡುತ್ತೀಯ, ಯಾರಿಗೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಅದನ್ನು ಓದಿ ನೀನು ನಿನ್ನನ್ನೇ ದೂಷಿಸಿಕೊಳ್ಳುತ್ತೀಯೆಂದು, ನನಗೆ ಕೃತಜ್ಞಳಾಗುತ್ತೀಯೆಂದು ಹೊಳೆಯಲೇ ಇಲ್ಲ.

ನಿಜವಾದ ಕಾಗದದ ಕೊನೆಯ ಪ್ಯಾರಾ ಓದು. ಇಂಗ್ಲಿಷಿನಲ್ಲಿರುವುದನ್ನು ಕನ್ನಡದಲ್ಲಿ ಹೇಳುತ್ತೇನೆ, ತಪ್ಪು ತಿಳಿಯಲು ಜಾಗವಿರಬಾರದು: 'ಈಕೆಯ ತಂದೆತಾಯಿ ಈ ಪ್ರಯಾಣಕ್ಕೆ ಮ‌ನಃಪೂರ್ವಕ ಒಪ್ಪಿಗೆ ಕೊಟ್ಟಿಲ್ಲ. ಈಕೆ ವಿಧೇಯ ಮಗಳು. ಮನೆಯವರು ಕರೆದರೆ ಓದನ್ನು ನಡುವೆಯೇ ಬಿಟ್ಟು ಬರುವ ಸಾಧ್ಯತೆಯನ್ನು ತಾವು ಗಮನಿಸಬೇಕು.' ಈ ಮೂರು ವಾಕ್ಯವನ್ನು ಬರೆದವನು ನಾನು. ನಿನ್ನ ಅಮ್ಮನಿಗೆ ಗೊತ್ತಿರಲಿಲ್ಲ. ವಿರುಪಾಕ್ಷನಿಗೂ ಗೊತ್ತಿರಲಿಲ್ಲ. ಮೊನ್ನೆ ಅವನೆದುರು ಈ ಹಾಳೆ ಇಟ್ಟಾಗ ಎರಡು ಸಲ ಓದಿ, 'ನಾನು ಓದೇ ಇರ್ಲಿಲ್ಲ ಕಣೋ. ನಿನ್ ಮಗಳು, ನೀನು ಬರ್ದಿದ್ದು, ಓದೋದೇನಿದೆ ಅನ್ಕೊಂಡೆ' ಎಂದ. ಆಮೇಲೆ, 'ಇದನ್ನ ನೀನ್ ಹೇಳ್ತೀಯೋ, ನಾನ್ ಹೇಳ್ಲೋ?' ಎಂದ. ಕಾಫಿ ಬೇಕಾ ಎಂದೂ ಕೇಳಲಿಲ್ಲ.

ಯಾಕೆ ಬರೆದೆ? ನಿನಗೆ ಇಪ್ಪತ್ತೇಳು ವರ್ಷ, ಗಂಡು ನೋಡುತ್ತಿದ್ದೆವು. ನನ್ನ ಮಗಳು ಕಾರ್ಡಿಯಾಲಜಿ ಮಾಡುತ್ತಾಳೆಂದು ಸ್ನೇಹಿತರಿಗೆಲ್ಲ ಹೇಳಿಕೊಂಡು ತಿರುಗಿದ್ದೆ, ಅವರೆದುರು ಪಿಎಸ್ಎಂ ಎನ್ನಲು ನಾಚಿಕೆಯಾಯಿತು. ಎದುರಿಗೆ ಬೇಡ ಎಂದಿದ್ದರೆ ನೀನು ಜಗಳವಾಡಿ ಹೋಗುತ್ತಿದ್ದೆ. ಅದಕ್ಕೇ ಹಿಂದಿನಿಂದ ಮಾಡಿದೆ. ಆ ಕವರನ್ನು ನಿನ್ನ ಕೈಗೇ ಕೊಟ್ಟೆ, ನೀನೇ ಹೋಗಿ ಪೋಸ್ಟ್ ಮಾಡಿ ಬಂದೆ. ಎರಡು ಸಾಲಿನ ಮೇಲ್ ಬಂದ ದಿನ ನನ್ನ ಹೆಗಲಿಗೆ ತಲೆಯಿಟ್ಟು ಅತ್ತೆ. 'ಹೋಗ್ಲಿ ಬಿಡು ಪುಟ್ಟಿ, ಅವ್ರಿಗೆ ನಿನ್ ಬೆಲೆ ಗೊತ್ತಿಲ್ಲ' ಎಂದು ನಾನು ನಿನ್ನ ತಲೆ ಸವರಿದೆ. ಬರೆದದ್ದಕ್ಕಿಂತ ಆ ಸವರಿದ್ದೇ ನನ್ನನ್ನು ಹೆಚ್ಚು ಸುಡುತ್ತಿದೆ.

ನಿನ್ನೆ ಹಯಾಕಾವ ಮೇಡಂಗೆ ಎಲ್ಲವನ್ನೂ ಬರೆದೆ. ನೀನು ಫಾರ್ವರ್ಡ್ ಮಾಡಿದ್ದ ಮೇಲಿನಲ್ಲಿ ವಿಳಾಸವಿತ್ತು. ಇವತ್ತು ಬೆಳಿಗ್ಗೆ ಉತ್ತರ ಬಂತು. ಆ ವರ್ಷ ಅವರ ವಿಭಾಗದಲ್ಲಿ ಇದ್ದದ್ದು ಎರಡೇ ಸೀಟಂತೆ, ಒಂದನ್ನು ನಿನಗೆಂದೇ ಇಟ್ಟಿದ್ದರಂತೆ. ತಂದೆತಾಯಿಗೆ ಬೇಡವಾದ ಮೇಲೆ ತಾನು ನಡುವೆ ಬರಬಾರದೆಂದುಕೊಂಡರಂತೆ. ಆದರೂ ನಿನ್ನ ಮನೆಯವರು ಮನಸ್ಸು ಬದಲಾಯಿಸಬಹುದೆಂದು ವರ್ಷವಿಡೀ ಆ ಸೀಟನ್ನು ಯಾರಿಗೂ ಕೊಡಲಿಲ್ಲವಂತೆ. ನಿನ್ನ ಅಮ್ಮನಿಗೂ ಬೆಳಿಗ್ಗೆಯೇ ಹೇಳಿದೆ. ಮಧ್ಯಾಹ್ನ ನನಗೆ ಬಡಿಸಿ, ತಾನು ಹಿತ್ತಿಲಿಗೆ ಹೋಗಿ ಕೂತಳು.

ಕ್ಷಮಿಸು ಎಂದು ಕೇಳಲು ಈ ಕಾಗದ ಬರೆದಿಲ್ಲ. ನಿನ್ನ ಹತ್ತಿರ ಈಗ ಒಂಬತ್ತು ದಿನ ಮಾತ್ರ ಇದೆ. ಅದರಲ್ಲಿ ಒಂದನ್ನೂ ನನ್ನ ಮೇಲಿನ ಸಿಟ್ಟಿಗೆ ಕಳೆಯಬೇಡ. ಮೊದಲು ಅರ್ಜಿ ಕಳಿಸು. ನನ್ನ ಜೊತೆ ಮಾತಾಡುವುದೋ ಬಿಡುವುದೋ ಆಮೇಲೆ ಯೋಚಿಸು.